ಈ ಮನೆಗೆ ಯಾರು? ಈ ಏಳಕ್ಕೆ ಯಾವ ಮನೆ?

ಮೆಟ್ರೋದಲ್ಲಿ ಕೂತು ಆಡುವ ಆಟಗಳ ಬಗ್ಗೆ ಹೋದ ಕಂತಿನಲ್ಲಿ ಬರೆದಿದ್ದೆನಲ್ಲ, ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸುಡೊಕು ಬಗ್ಗೆಯೇ. ದೂರು ಮಾತ್ರ ಎಲ್ಲರದ್ದೂ ಒಂದೇ. ಈಸಿ, ಮೀಡಿಯಂ ಆರಾಮಾಗಿ ಮುಗಿಯುತ್ತೆ, ಹಾರ್ಡ್ ಹಾಕಿಕೊಂಡರೆ ಅರ್ಧಕ್ಕೆ ನಿಂತುಬಿಡುತ್ತೆ, ಆಮೇಲೆ ಹಿಂಟ್ ಒತ್ತಬೇಕು ಇಲ್ಲಾ ಊಹೆ ಮಾಡಬೇಕು. ಒಬ್ಬರು ಇನ್ನೂ ನೇರವಾಗಿ ಕೇಳಿದ್ದಾರೆ: "ಹಾರ್ಡ್ ಲೆವೆಲ್ಲು ಊಹೆ ಮಾಡದೆ ಬಿಡಿಸೋಕೆ ಆಗೋದೇ ಇಲ್ಲ ಅಲ್ವಾ ಮೇಡಂ?"

ಆಗುತ್ತೆ. ಪತ್ರಿಕೆಯಲ್ಲಿ, ಫೋನಿನಲ್ಲಿ ಸಿಗುವ ಸುಡೊಕುಗಳಲ್ಲಿ ಬಹುಪಾಲನ್ನು ಒಂದೂ ಊಹೆಯಿಲ್ಲದೆ ಬಿಡಿಸಬಹುದು. ಅದಕ್ಕೆ ಇಪ್ಪತ್ತು ಟೆಕ್ನಿಕ್ಕುಗಳ ಹೆಸರು ಬಾಯಿಪಾಠ ಮಾಡಬೇಕಿಲ್ಲ. ಕೇಳಬೇಕಾಗಿರೋದು ಎರಡೇ ಪ್ರಶ್ನೆ. ನಾವು ಅದರಲ್ಲಿ ಒಂದನ್ನೇ ಕೇಳ್ತಾ ಇರ್ತೀವಿ, ಅದಕ್ಕೇ ನಿಂತುಹೋಗೋದು.

ಮೊದಲು ಮಾತಾಡೋಕೆ ನಾಲ್ಕು ಪದ ಇಟ್ಟುಕೊಳ್ಳೋಣ. 81 ಚಿಕ್ಕ ಚೌಕಗಳನ್ನು ನಾನು ಮನೆ ಅಂತೀನಿ, ಚೌಕಾಬಾರದಲ್ಲಿ ಅನ್ನೋ ಹಾಗೆ. ಎಡದಿಂದ ಬಲಕ್ಕೆ ಹೋಗೋದು ಸಾಲು. ಮೇಲಿಂದ ಕೆಳಗೆ ಇಳಿಯೋದು ಕಂಬ. ದಪ್ಪ ಗೆರೆಯೊಳಗಿನ ಒಂಬತ್ತು ಮನೆಗಳ ಗುಂಪು ಬಾಕ್ಸ್. ಪ್ರತಿ ಸಾಲು, ಪ್ರತಿ ಕಂಬ, ಪ್ರತಿ ಬಾಕ್ಸಿನಲ್ಲೂ 1ರಿಂದ 9ರವರೆಗಿನ ಅಂಕಿ ಒಂದೊಂದೇ ಸಲ ಬರಬೇಕು. ನಿಯಮ ಇಷ್ಟೇ. ಕೂಡೋದು ಕಳೆಯೋದು ಏನೂ ಇಲ್ಲ, ಅಂಕಿಗಳ ಬದಲು ಒಂಬತ್ತು ತರಕಾರಿ ಚಿತ್ರ ಹಾಕಿದರೂ ಆಟ ಅದೇ. "ನಂಗೆ ಮ್ಯಾಥ್ಸ್ ಆಗಲ್ಲ" ಅನ್ನೋರು ದಯವಿಟ್ಟು ಆ ನೆಪ ಬಿಡಿ.

ಹೆಸರು ಜಪಾನಿನದ್ದಾದರೂ ಇವತ್ತಿನ ರೂಪದಲ್ಲಿ ಆಟ ಮೊದಲು ಬಂದದ್ದು ಅಮೆರಿಕದಲ್ಲಿ. 1979ರಲ್ಲಿ ಡೆಲ್ ಸಂಸ್ಥೆಯ ಪದಬಂಧ ಪತ್ರಿಕೆಯೊಂದರಲ್ಲಿ 'ನಂಬರ್ ಪ್ಲೇಸ್' ಅಂತ ಅಚ್ಚಾಯಿತು. ಅದನ್ನು ರಚಿಸಿದವರು ಇಂಡಿಯಾನಾದ ನಿವೃತ್ತ ವಾಸ್ತುಶಿಲ್ಪಿ ಹೋವರ್ಡ್ ಗಾರ್ನ್ಸ್ ಅನ್ನೋದು ಎಲ್ಲರೂ ಒಪ್ಪಿರುವ ಮಾತು. 1984ರಲ್ಲಿ ಜಪಾನಿನ ನಿಕೋಲಿ ಪತ್ರಿಕೆ ಅದನ್ನು ತಂದಾಗ ಮಾಕಿ ಕಾಜಿ ಇಟ್ಟ ಉದ್ದನೆಯ ಹೆಸರಿನ ಅರ್ಥ 'ಅಂಕಿಗಳು ಮದುವೆಯಾಗದೆ ಒಂಟಿಯಾಗಿರಬೇಕು' ಅಂತ. ಅದನ್ನೇ ಕತ್ತರಿಸಿ ಸುಡೊಕು ಮಾಡಿದರು. ಬ್ರಹ್ಮಚಾರಿ ಅಂಕಿಗಳ ಆಟ! ಮುಂದೆ ಹಾಂಗ್‌ಕಾಂಗ್‌ನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೌಲ್ಡ್ ಇದನ್ನು ತಯಾರಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದು, 2004ರ ನವೆಂಬರ್‌ನಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಕೊಟ್ಟರು. ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. 2006ರಿಂದ ವಿಶ್ವ ಚಾಂಪಿಯನ್‌ಶಿಪ್ಪೂ ಇದೆ, 2017ರದ್ದು ನಮ್ಮ ಬೆಂಗಳೂರಲ್ಲೇ ನಡೆಯಿತು. ಕ್ರಿಕೆಟ್ ಅಲ್ಲವಲ್ಲ, ನಮ್ಮಲ್ಲಿ ಸುಮಾರು ಜನಕ್ಕೆ ಗೊತ್ತೇ ಆಗಲಿಲ್ಲ.

ಇನ್ನು ಪ್ರಶ್ನೆಗಳಿಗೆ ಬರೋಣ.

ಮೊದಲನೇ ಪ್ರಶ್ನೆ: ಈ ಮನೆಗೆ ಯಾರು ಬರಬಹುದು? ಖಾಲಿ ಮನೆಯೊಂದರ ಮೇಲೆ ಬೆರಳಿಟ್ಟು, ಅದರ ಸಾಲು, ಕಂಬ, ಬಾಕ್ಸ್ ನೋಡ್ತೀರಿ. ಸಾಲಲ್ಲಿ 1, 3, 4, 8 ಇವೆ. ಕಂಬದಲ್ಲಿ 2, 5, 9 ಇವೆ. ಬಾಕ್ಸಲ್ಲಿ 6 ಇದೆ. ಉಳಿದದ್ದು 7 ಮಾತ್ರ. ಬರೆದುಬಿಡಿ. ಇದು ಎಲ್ಲರಿಗೂ ಬರುತ್ತೆ, ಆಟ ಕಲಿತ ಮೊದಲ ದಿನವೇ.

ಎರಡನೇ ಪ್ರಶ್ನೆ ತಿರುಗಿಸಿ ಕೇಳೋದು: ಈ 7ಕ್ಕೆ ಯಾವ ಮನೆ ಇದೆ? ಎಡಮೂಲೆಯ ಮೇಲಿನ ಬಾಕ್ಸ್ ತಗೊಳ್ಳಿ. ಅದರಲ್ಲಿ 7 ಇನ್ನೂ ಬಂದಿಲ್ಲ. ಮೊದಲ ಸಾಲಲ್ಲಿ ಆ ಕಡೆ ಎಲ್ಲೋ ಒಂದು 7 ಇದೆ, ಎರಡನೇ ಸಾಲಲ್ಲೂ ಇನ್ನೊಂದು ಬಾಕ್ಸಲ್ಲಿ 7 ಇದೆ. ಹಾಗಾದ್ರೆ ನಮ್ಮ ಬಾಕ್ಸಿನ 7 ಮೂರನೇ ಸಾಲಲ್ಲೇ ಇರಬೇಕು. ಅಲ್ಲಿರೋದು ಮೂರು ಮನೆ. ಒಂದರಲ್ಲಿ ಆಗಲೇ 4 ಕೂತಿದೆ. ಎರಡನೆಯದರ ಕಂಬದಲ್ಲಿ ಕೆಳಗೆ 7 ಇದೆ. ಉಳಿದದ್ದು ಒಂದೇ ಮನೆ, 7 ಅಲ್ಲಿಗೇ. ತಮಾಷೆ ಏನಂದ್ರೆ ಇದೇ ಮನೆಗೆ ನೀವು ಮೊದಲನೇ ಪ್ರಶ್ನೆ ಕೇಳಿದ್ದರೆ 1, 5, 6, 7, 9 ಯಾವುದಾದರೂ ಬರಬಹುದು ಅಂತ ಉತ್ತರ ಸಿಕ್ಕಿರ್ತಿತ್ತು. ಮನೆಗೆ ಐದು ಜನ ಅಭ್ಯರ್ಥಿಗಳು. ಆದರೆ 7ಕ್ಕೆ ಇರೋದು ಆ ಒಂದೇ ಮನೆ.

ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ನೇಕೆಡ್ ಸಿಂಗಲ್, ಎರಡನೆಯದಕ್ಕೆ ಹಿಡನ್ ಸಿಂಗಲ್ ಅಂತಾರೆ. ಹೆಸರು ಮರೆತರೂ ಪರವಾಗಿಲ್ಲ.

ಈಗ ಫೋನಿನ ವಿಷಯ. ಆ್ಯಪ್‌ಗಳಲ್ಲಿ 'ಆಟೋ ನೋಟ್ಸ್' ಅಂತ ಒಂದು ಬಟನ್ ಇರುತ್ತೆ. ಒತ್ತಿದರೆ ಪ್ರತಿ ಖಾಲಿ ಮನೆಯಲ್ಲೂ ಬರಬಹುದಾದ ಅಂಕಿಗಳೆಲ್ಲ ಚಿಕ್ಕದಾಗಿ ತುಂಬಿಕೊಳ್ಳುತ್ತವೆ. ಭಾರಿ ಸಹಾಯ ಅನ್ನಿಸುತ್ತೆ. ಆದರೆ ಆ ಬಟನ್ ಉತ್ತರಿಸೋದು ಮೊದಲನೇ ಪ್ರಶ್ನೆಯನ್ನು ಮಾತ್ರ. ಒಂದೇ ಅಂಕಿ ಇರುವ ಮನೆ ತಕ್ಷಣ ಕಣ್ಣಿಗೆ ಬೀಳುತ್ತೆ. ಆದರೆ ಒಂದು ಬಾಕ್ಸಿನಲ್ಲಿ 7 ಒಂದೇ ಕಡೆ ಇದೆ ಅನ್ನೋದು ಇಪ್ಪತ್ತು ಚಿಕ್ಕ ಅಂಕಿಗಳ ಜಾತ್ರೆಯಲ್ಲಿ ಕಳೆದುಹೋಗುತ್ತೆ. ಮೀಡಿಯಂವರೆಗೆ ಸಲೀಸಾಗಿ ಹೋಗುವವರು ಹಾರ್ಡ್‌ನಲ್ಲಿ ನಿಂತುಬಿಡೋದಕ್ಕೆ ದೊಡ್ಡ ಕಾರಣ ಇದೇ ಅಂತ ನನ್ನ ಅನಿಸಿಕೆ. ಬುದ್ಧಿ ಸಾಲದೆ ಅಲ್ಲ, ಸ್ಕ್ರೀನ್ ತುಂಬಿಹೋಗಿ.

ಮೂರು ಸಲ ವಿಶ್ವ ಚಾಂಪಿಯನ್ ಆದ ಅಮೆರಿಕದ ಥಾಮಸ್ ಸ್ನೈಡರ್ ಅವರ ಹೆಸರಲ್ಲಿ ಒಂದು ಗುರುತು ಹಾಕುವ ಪದ್ಧತಿ ಇದೆ. ಒಂದು ಬಾಕ್ಸಿನಲ್ಲಿ ಒಂದು ಅಂಕಿಗೆ ಎರಡೇ ಎರಡು ಮನೆ ಉಳಿದಿದ್ದರೆ ಮಾತ್ರ ಆ ಎರಡು ಮನೆಗಳ ಮೂಲೆಯಲ್ಲಿ ಅದನ್ನು ಬರೆಯೋದು. ಮೂರು ಮನೆ ಇದ್ದರೆ ಬರೆಯಲೇಬೇಡಿ. ಸ್ಕ್ರೀನ್ ಖಾಲಿ ಖಾಲಿ ಇರುತ್ತೆ, ಬರೆದಷ್ಟೂ ಕೆಲಸಕ್ಕೆ ಬರುತ್ತೆ. ಇದು ಪೂರ್ತಿ ಎರಡನೇ ಪ್ರಶ್ನೆಯ ನೋಟ್ಸ್. ಈ ವಾರ ಆಟೋ ನೋಟ್ಸ್ ಆಫ್ ಮಾಡಿ ಹೀಗೆ ಆಡಿ ನೋಡಿ. ಮೊದಲ ಎರಡು ದಿನ ನಿಧಾನ ಆಗುತ್ತೆ, ಬೈಕೋಬೇಡಿ.

ನಮ್ಮಪ್ಪನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅವರಿರೋದು ಅರಸೀಕೆರೆಯಲ್ಲಿ. ಮೂವತ್ತು ವರ್ಷಕ್ಕೂ ಮೇಲೆ ಲೆಡ್ಜರ್ ಬರೆದ ಕೈ. ಪತ್ರಿಕೆಯ ಸುಡೊಕುವನ್ನು ಬಾಲ್‌ಪೆನ್ನಿನಲ್ಲೇ ತುಂಬುತ್ತಾರೆ. ಪೆನ್ಸಿಲ್ ಕೊಟ್ಟರೆ "ಲೆಕ್ಕದ ಪುಸ್ತಕದಲ್ಲಿ ಪೆನ್ಸಿಲ್ ಬರಹ ಇರಬಾರದು ಕಣಮ್ಮ" ಅಂತಾರೆ. ಅಮ್ಮ ಹೋದ ಮೇಲೆ ನಮ್ಮಿಬ್ಬರ ಫೋನ್ ಮಾತು ಎರಡು ನಿಮಿಷಕ್ಕೆ ಇಳಿದಿತ್ತು. ಊಟ ಆಯ್ತಾ, ಆಯ್ತು, ಮಳೆ ಬಂತಾ, ಇಲ್ಲ, ಸರಿ ಇಡ್ಲಾ. ಅಷ್ಟೇ. ಮನೆಯ ಸುದ್ದಿಯನ್ನೆಲ್ಲ ಅಮ್ಮನೇ ಹೇಳ್ತಿದ್ದದ್ದು, ಅಪ್ಪ ಪಕ್ಕದಲ್ಲಿ ಕೂತು ಕೇಳಿಸಿಕೊಳ್ತಿದ್ದರು. ಅಮ್ಮ ಇಲ್ಲದೆ ನಮಗಿಬ್ಬರಿಗೂ ಮಾತಾಡೋಕೆ ವಿಷಯವೇ ಇರಲಿಲ್ಲ. ಒಂದು ಭಾನುವಾರ ಅವರೇ ಅರ್ಧ ತುಂಬಿದ ಸುಡೊಕುವಿನ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, "ಇದು ತಪ್ಪು ಪ್ರಿಂಟ್ ಮಾಡಿದಾರೆ, ನೋಡು" ಅಂದರು.

ಪ್ರಿಂಟ್ ಸರಿಯಾಗೇ ಇತ್ತು. ಅಪ್ಪ ಬರೆದದ್ದೂ ಒಂದೂ ತಪ್ಪಿರಲಿಲ್ಲ. ಆದರೆ ಅವರು ಎಲ್ಲವನ್ನೂ ಎರಡನೇ ಪ್ರಶ್ನೆಯಿಂದಲೇ ಬಿಡಿಸಿದ್ದರು. ಲೆಡ್ಜರ್‌ನವರಲ್ವಾ, ಒಂದು ಅಂಕಿ ಹಿಡಿದು "ಇದು ಎಲ್ಲಿ ಕಾಣ್ತಿಲ್ಲ" ಅಂತ ಪುಟ ಪೂರ್ತಿ ಹುಡುಕೋದು ಅಭ್ಯಾಸ. ಒಂದು ಮನೆಯ ಮುಂದೆ ನಿಂತು ಒಳಗೆ ಯಾರ್ಯಾರು ಬರಬಹುದು ಅಂತ ಯಾವತ್ತೂ ಕೇಳಿರಲಿಲ್ಲ.

"ಅಪ್ಪ, ಐದನೇ ಸಾಲು, ಕೊನೇ ಮನೆ. ಅಲ್ಲಿ 1 ಬರುತ್ತಾ?"

"ಇಲ್ಲ, ಸಾಲಲ್ಲೇ ಇದೆ."

"2?"

"ಮೇಲಿದೆ."

ಹೀಗೆ 9ರವರೆಗೆ ಹೋದೆವು. ಉಳಿದದ್ದು 6 ಒಂದೇ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಇದನ್ನ ಮೊದಲೇ ಹೇಳ್ಬಾರ್ದಾ" ಅಂದರು, ನಾನೇ ಮುಚ್ಚಿಟ್ಟಿದ್ದೆ ಅನ್ನೋ ಹಾಗೆ. ಈಗ ಪ್ರತಿ ಭಾನುವಾರ ನಲವತ್ತು ನಿಮಿಷ ಮಾತಾಡ್ತೀವಿ. ನಡುವೆ ಎಲ್ಲೋ ಬಿ.ಪಿ. ಮಾತ್ರೆ ವಿಷಯವೂ ಬರುತ್ತೆ, ಹಿತ್ತಲ ಸೀಬೆಮರದ ವಿಷಯವೂ ಬರುತ್ತೆ. ಪೆನ್ಸಿಲ್ ಮಾತ್ರ ಇವತ್ತಿಗೂ ಮುಟ್ಟಿಲ್ಲ. ಪತ್ರಿಕೆಯ ಅಂಚಿನ ಖಾಲಿ ಜಾಗದಲ್ಲಿ ಪೆನ್ನಿನಿಂದಲೇ ಪಟ್ಟಿ ಬರೀತಾರೆ.

ಈ ಎರಡು ಪ್ರಶ್ನೆ ಕೈಗೆ ಹತ್ತಿದ ಮೇಲೆ ಹಾರ್ಡ್ ಲೆವೆಲ್ಲಿಗೆ ಬೇಕಾಗಿರೋದು ಇನ್ನೊಂದೇ ಮನಸ್ಥಿತಿ: ಯಾರು ಎಲ್ಲಿ ಅಂತ ಗೊತ್ತಾಗದೆಯೂ ಕೆಲಸ ಮುಂದುವರಿಸೋದು.

ಕೆ.ಎಸ್.ಆರ್.ಟಿ.ಸಿ. ಬಸ್ಸಿನ ಕಿಟಕಿಯಿಂದ ಟವಲ್ ಹಾಕಿ ಸೀಟ್ ಹಿಡಿಯೋದು ಗೊತ್ತಲ್ಲ? ಅಕ್ಕ ತಮ್ಮ ಇಬ್ಬರೂ ಸೇರಿ ಎರಡು ಸೀಟಿಗೆ ಟವಲ್ ಹಾಕಿದ್ದಾರೆ ಅನ್ಕೊಳ್ಳಿ. ಕಿಟಕಿ ಪಕ್ಕ ಯಾರು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಆದರೆ ಆ ಎರಡು ಸೀಟು ಮೂರನೆಯವರಿಗೆ ಸಿಗಲ್ಲ ಅನ್ನೋದಂತೂ ತೀರ್ಮಾನ ಆಯ್ತು. ಆ ಅಕ್ಕ ತಮ್ಮ ಬೇರೆ ಸೀಟಿಗೆ ಬರಲ್ಲ ಅನ್ನೋದೂ ಆಯ್ತು.

ಒಂದು ಸಾಲಲ್ಲಿ ಐದು ಮನೆ ಖಾಲಿ ಇವೆ, ಬರಬೇಕಾಗಿರೋದು 2, 3, 6, 8, 9. ಮನೆಗಳಿಗೆ ಅ, ಆ, ಇ, ಈ, ಉ ಅಂತ ಹೆಸರಿಡೋಣ. ಅ ಮನೆಗೆ 2 ಅಥವಾ 8 ಬರಬಹುದು. ಆ ಮನೆಗೂ 2 ಅಥವಾ 8. ಇ ಮನೆಗೆ 2, 6, 8. ಈ ಮನೆಗೆ 3, 6, 8, 9. ಉ ಮನೆಗೆ 2, 3, 9. ಇಲ್ಲಿ ಅ ಮತ್ತು ಆ ಮನೆಗಳಿಗೆ 2, 8 ಟವಲ್ ಹಾಕಿಬಿಟ್ಟಿವೆ. ಹಾಗಾಗಿ ಉಳಿದ ಮೂರು ಮನೆಗಳಿಂದ 2, 8 ಹೊಡೆದುಹಾಕಿ. ಇ ಮನೆಯಲ್ಲಿ 6 ಮಾತ್ರ ಉಳಿಯುತ್ತೆ. ಸಿಕ್ಕಿತು.

ಸ್ವಲ್ಪ ನಿಲ್ಲಿ, ಅದೇ ಸಾಲಿಗೆ ಎರಡನೇ ಪ್ರಶ್ನೆ ಕೇಳಿ. 3ಕ್ಕೆ ಯಾವ ಮನೆ? ಈ, ಉ ಎರಡೇ. 9ಕ್ಕೆ? ಅದಕ್ಕೂ ಈ, ಉ ಎರಡೇ. ಎರಡು ಅಂಕಿ, ಅವೇ ಎರಡು ಮನೆ. ಹಾಗಾದ್ರೆ ಆ ಮನೆಗಳಲ್ಲಿ ಬೇರೆ ಯಾರಿಗೂ ಜಾಗ ಇಲ್ಲ, ಈ ಮನೆಯಿಂದ 6 ಮತ್ತು 8, ಉ ಮನೆಯಿಂದ 2 ಹೊರಗೆ. ಈಗ 6ಕ್ಕೆ ಉಳಿದದ್ದು ಇ ಮನೆ ಒಂದೇ. ಉತ್ತರ ಅದೇ, ಬಂದ ದಾರಿ ಬೇರೆ. ನನಗೆ ಸುಡೊಕು ಇಷ್ಟ ಆಗೋದು ಇಂಥ ಜಾಗದಲ್ಲಿ. ಒಂದು ದಾರಿ ಕಾಣದಿದ್ದರೆ ಇನ್ನೊಂದು ಕಡೆಯಿಂದ ನೋಡಬಹುದು, ಸುಳ್ಳು ಮಾತ್ರ ಎಲ್ಲಿಂದ ನೋಡಿದರೂ ನಿಲ್ಲಲ್ಲ.

ಇದೇ ಜಾತಿಯ ಇನ್ನೊಂದು ಸಣ್ಣ ಉಪಾಯ ಇದೆ, ಇದನ್ನು ಬಳಸದೆ ನಾನು ಒಂದು ಹಾರ್ಡ್ ಕೂಡ ಮುಗಿಸಿದ ನೆನಪಿಲ್ಲ. ಒಂದು ಬಾಕ್ಸಿನಲ್ಲಿ 5ಕ್ಕೆ ಉಳಿದಿರೋ ಎರಡು ಮನೆಗಳೂ ನಾಲ್ಕನೇ ಸಾಲಲ್ಲೇ ಇವೆ ಅನ್ಕೊಳ್ಳಿ. ಎರಡರಲ್ಲಿ ಯಾವುದು ಅಂತ ಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ. ನಾಲ್ಕನೇ ಸಾಲಿನ 5 ಈ ಬಾಕ್ಸಿನೊಳಗೇ ಇರುತ್ತೆ ಅಂತ ಆಯ್ತಲ್ಲ. ಆ ಸಾಲಿನ ಉಳಿದ ಎರಡು ಬಾಕ್ಸುಗಳಲ್ಲಿ 5 ಹೊಡೆದುಹಾಕಿ.

ಎಕ್ಸ್-ವಿಂಗ್ ಅನ್ನೋ ಹೆಸರು ಕೇಳಿ ಹೆದರಿದವರೂ ಪತ್ರ ಬರೆದಿದ್ದಾರೆ. ಹೆಸರಿಗೆ ಹೆದರಬೇಡಿ, ಎರಡನೇ ಪ್ರಶ್ನೆಯನ್ನೇ ಎರಡು ಸಾಲಿಗೆ ಒಟ್ಟಿಗೆ ಕೇಳೋದು ಅಷ್ಟೇ. ಎರಡನೇ ಸಾಲಲ್ಲಿ 4ಕ್ಕೆ ಎರಡೇ ಮನೆ, ಮೂರನೇ ಕಂಬದಲ್ಲಿ ಒಂದು, ಏಳನೇ ಕಂಬದಲ್ಲಿ ಒಂದು. ಆರನೇ ಸಾಲಲ್ಲೂ 4ಕ್ಕೆ ಎರಡೇ ಮನೆ, ಅವೂ ಅದೇ ಮೂರು ಮತ್ತು ಏಳನೇ ಕಂಬದಲ್ಲಿ. ಎರಡನೇ ಸಾಲಿನ 4 ಮೂರನೇ ಕಂಬಕ್ಕೆ ಹೋದರೆ ಆರನೇ ಸಾಲಿನದ್ದು ಏಳನೇ ಕಂಬಕ್ಕೆ ಹೋಗಲೇಬೇಕು. ಇದು ಅಲ್ಲಿಗೆ ಹೋದರೆ ಅದು ಇಲ್ಲಿಗೆ. ಎರಡರಲ್ಲಿ ಯಾವುದೇ ಆಗಲಿ, ಮೂರನೇ ಕಂಬಕ್ಕೂ ಏಳನೇ ಕಂಬಕ್ಕೂ ಒಂದೊಂದು 4 ಸಿಕ್ಕಿತು. ಆ ಎರಡು ಕಂಬಗಳ ಬೇರೆ ಸಾಲುಗಳಲ್ಲಿ ಇನ್ನು 4 ಬರೋ ಹಾಗಿಲ್ಲ. ಅಳಿಸಿ.

"ಇದೂ ಊಹೆಯೇ ಅಲ್ವಾ, ಹೀಗಾದರೆ ಹಾಗಾದರೆ ಅಂತ ನೋಡ್ತಿದೀವಲ್ಲ" ಅಂತ ನನ್ನ ಟೀಮಿನ ಹುಡುಗನೊಬ್ಬ ವಾದ ಹಾಕಿದ. ಅಲ್ಲ. ಊಹೆ ಅಂದ್ರೆ ಎರಡು ದಾರಿಯಲ್ಲಿ ಒಂದನ್ನು ಆರಿಸಿ, ಅದು ಸರಿ ಇರಲಿ ದೇವರೇ ಅಂತ ಮುಂದೆ ಹೋಗೋದು. ಇಲ್ಲಿ ಯಾವ ದಾರಿಯನ್ನೂ ಆರಿಸಿಲ್ಲ. ಎರಡರಲ್ಲೂ ಸಮಾನವಾಗಿ ನಿಜವಾದದ್ದನ್ನು ಮಾತ್ರ ತಗೊಂಡಿದೀವಿ.

ಅಂದಹಾಗೆ ಊಹೆಯಲ್ಲಿ ನಿಸ್ಸೀಮ ಅಂದ್ರೆ ಕಂಪ್ಯೂಟರು. ಸುಡೊಕು ಬಿಡಿಸುವ ಪ್ರೋಗ್ರಾಂ ಬರೆಯಿರಿ ಅನ್ನೋದು ನಮ್ಮ ಫೀಲ್ಡಿನ ಇಂಟರ್‌ವ್ಯೂಗಳಲ್ಲಿ ಹಳೆಯ ಪ್ರಶ್ನೆ. ಉತ್ತರ ಮೂವತ್ತು ಸಾಲಿನ ಕೋಡು. ಖಾಲಿ ಮನೆಗೆ 1 ಹಾಕು, ನಿಯಮ ಮುರಿಯದಿದ್ದರೆ ಮುಂದಿನ ಮನೆಗೆ ಹೋಗು, ಎಲ್ಲೋ ಸಿಕ್ಕಿಕೊಂಡರೆ ವಾಪಸ್ ಬಂದು 2 ಹಾಕು. ಲ್ಯಾಪ್‌ಟಾಪ್ ಸಾವಿರಾರು ಸಲ ಹಿಂದೆ ಮುಂದೆ ಓಡಾಡಿದರೂ ನಮಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತೆ. ಆ 7 ಅಲ್ಲೇ ಯಾಕೆ ಅಂತ ಕೇಳಿದರೆ ಅದರ ಹತ್ತಿರ ಹೇಳೋಕೆ ಏನೂ ಇಲ್ಲ, ಬೇರೆಯವು ಆಗಲಿಲ್ಲ ಅಂತಷ್ಟೇ. ಅದಕ್ಕೆ ದಣಿವಿಲ್ಲ, ಆ ರೀತಿ ನಡೆಯುತ್ತೆ. ಬೆಳಿಗ್ಗೆ ಎಂಟೂವರೆಗೆ ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವರಿಗೆ ಮೂರನೇ ಊಹೆಯಲ್ಲೇ ಎಲ್ಲಿಂದ ಶುರು ಮಾಡಿದ್ದು ಅನ್ನೋದೇ ಮರೆತುಹೋಗುತ್ತೆ.

ಆ್ಯಪ್‌ಗಳ ಹಿಂಟ್ ಬಟನ್ ಮೇಲೆ ನನಗಿರೋ ಸಿಟ್ಟೂ ಇದೇ. ಬಹಳಷ್ಟು ಆ್ಯಪ್‌ಗಳು ಒಂದು ಜಾಹೀರಾತು ತೋರಿಸಿ, ಒಂದು ಮನೆಗೆ ಅಂಕಿ ತುಂಬಿ ಸುಮ್ಮನಾಗುತ್ತವೆ. ಕಾರಣ ಹೇಳಲ್ಲ. ಕೆಲವು ಮಾತ್ರ ಯಾವ ಸಾಲು, ಯಾವ ಜೋಡಿ, ಯಾಕೆ ಅಂತ ಬಣ್ಣ ಹಾಕಿ ತೋರಿಸುತ್ತವೆ. ಅಂಥದ್ದನ್ನೇ ಇಟ್ಟುಕೊಳ್ಳಿ, ಬೇರೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ. ಇನ್ನು 'ಮೂರು ತಪ್ಪಾದರೆ ಔಟ್' ಅನ್ನೋ ಆ್ಯಪ್‌ಗಳಿವೆಯಲ್ಲ, ಅಲ್ಲಿ ಅಂಕಿ ಹಾಕಿದ ತಕ್ಷಣ ಕೆಂಪಾದರೆ ತಪ್ಪು ಅಂತ ಗೊತ್ತಾಗಿಬಿಡುತ್ತೆ. ಅಂದ್ರೆ ಎರಡು ಊಹೆ ಫ್ರೀ ಕೊಟ್ಟ ಹಾಗೆ. ಆ ಎಚ್ಚರಿಕೆಯನ್ನು ಸೆಟ್ಟಿಂಗ್ಸಿನಲ್ಲಿ ಆಫ್ ಮಾಡಲು ಬರುತ್ತಾ ನೋಡಿ.

ಒಂದು ಟೆಕ್ನಿಕ್ ನಾನು ಬೇಕಂತಲೇ ಬಳಸಲ್ಲ. ಒಳ್ಳೆಯ ಸುಡೊಕುವಿಗೆ ಒಂದೇ ಉತ್ತರ ಇರಬೇಕಲ್ಲ, ಅದನ್ನೇ ಸುಳಿವು ಮಾಡಿಕೊಂಡು, 'ಹೀಗೆ ಹಾಕಿದರೆ ಎರಡು ಉತ್ತರ ಬಂದುಬಿಡುತ್ತೆ, ಆದ್ದರಿಂದ ಹೀಗಿರಲ್ಲ' ಅಂತ ಅಳಿಸೋದು. ಸ್ಪರ್ಧೆಗಳಲ್ಲಿ ಸಮಯ ಉಳಿಸೋಕೆ ಬಳಸುವವರಿದ್ದಾರೆ, ತಪ್ಪೇನಲ್ಲ. ಆದರೆ ಅದು ನಿಯಮವನ್ನು ನಂಬಿದ್ದಲ್ಲ, ಒಗಟು ಮಾಡಿದವರನ್ನು ನಂಬಿದ್ದು. ಪಾತ್ರೆ ತೊಳೆದಿಲ್ಲ, ಅಂದ್ರೆ ಕೆಲಸದವರು ಇವತ್ತು ಬಂದಿಲ್ಲ ಅಂತ ಲೆಕ್ಕ ಹಾಕಿದ ಹಾಗೆ. ಸರಿ ಇರಬಹುದು, ಆದರೂ ಬಾಗಿಲು ತೆಗೆದು ನೋಡಿದ್ದಲ್ಲ.

ಅಂಕಿ ಕಡಿಮೆ ಕೊಟ್ಟಿದ್ದಾರೆ ಅಂದಾಕ್ಷಣ ಕಷ್ಟ ಅಂತಲೂ ತಿಳೀಬೇಡಿ. ಒಂದೇ ಉತ್ತರ ಇರಬೇಕಾದರೆ ಕನಿಷ್ಠ 17 ಅಂಕಿಯಾದರೂ ಕೊಟ್ಟಿರಬೇಕು, 16 ಸಾಲಲ್ಲ. ಡಬ್ಲಿನ್ನಿನ ಗ್ಯಾರಿ ಮೆಗೈರ್ ಅವರ ತಂಡ ಕಂಪ್ಯೂಟರಿನಲ್ಲಿ ಎಲ್ಲ ಸಾಧ್ಯತೆ ಜಾಲಾಡಿ 2012ರಲ್ಲಿ ಇದನ್ನು ತೋರಿಸಿತು. ಆದರೆ ಆ 17 ಅಂಕಿಯ ಎಷ್ಟೋ ಸುಡೊಕುಗಳು ಬರೀ ನಮ್ಮ ಎರಡು ಪ್ರಶ್ನೆಗೇ ಬಿಚ್ಚಿಕೊಳ್ಳುತ್ತವೆ. 26 ಅಂಕಿ ಕೊಟ್ಟೂ ಅರ್ಧ ದಿನ ಕಾಡಿಸುವಂಥವೂ ಇವೆ.

ಈ ವಾರಕ್ಕೆ ಒಂದು ಸಾಲು ಕೊಡ್ತೀನಿ, ಇಡೀ ಒಗಟು ಬೇಡ. ಆರು ಮನೆ ಖಾಲಿ, ಬರಬೇಕಾದವು 1, 2, 4, 5, 7, 9. ಅ ಮನೆಗೆ 1, 4, 5 ಬರಬಹುದು. ಆ ಮನೆಗೆ 1, 2, 4, 9. ಇ ಮನೆಗೆ 4, 5, 7. ಈ ಮನೆಗೆ 1, 5, 7. ಉ ಮನೆಗೆ 2, 5, 7, 9. ಊ ಮನೆಗೆ 1, 4, 7. ಯಾವ ಮನೆಯೂ ಇನ್ನೂ ತುಂಬಲ್ಲ, ಆದರೆ ಎರಡು ಮನೆಗಳಿಂದ ಒಟ್ಟು ನಾಲ್ಕು ಅಂಕಿ ಅಳಿಸಬಹುದು. ಯಾವ ಪ್ರಶ್ನೆ ಕೇಳಿದರೆ ಬೇಗ ಸಿಗುತ್ತೆ, ಯಾವುದು ಕೇಳಿದರೆ ನಾಲ್ಕು ಮನೆ ಸುತ್ತಬೇಕಾಗುತ್ತೆ, ಎರಡನ್ನೂ ಬರೆದು ಕಳಿಸಿ. ಉತ್ತರ ಮುಂದಿನ ಕಂತಿನಲ್ಲಿ.